ಹಿಮಾಲಯದ ನ್ಯೂಟ್‌ಗೆ ಎರಡು ಹೆಸರೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಪ್ಪೆಗಳ ಬಗ್ಗೆ ಬಂದಿದ್ದ ಪ್ರಶ್ನೆಯೊಂದಕ್ಕೆ ಕಳೆದ ಸಲ ಉತ್ತರಿಸುವಾಗ, ‘ಬೆಳೆದ ಮೇಲೂ ಬಾಲ ಉಳಿಸಿಕೊಳ್ಳುವ ಉಭಯವಾಸಿ ನಮ್ಮ ದೇಶದಲ್ಲಿ ಇರುವುದು ಒಂದೇ, ಅದು ಟೈಲೋಟೋಟ್ರೈಟಾನ್ ವೆರುಕೋಸಸ್’ ಎಂದು ಬರೆದಿದ್ದೆ. ನಾನು ಓದಿದ ಕಾಲದ ಪುಸ್ತಕಗಳಲ್ಲಿ ಹಾಗೆಯೇ ಇತ್ತು. ಈಗಿನ ತಿಳಿವಳಿಕೆಯಂತೆ ಆ ವಾಕ್ಯದಲ್ಲಿ ಎರಡು ತಪ್ಪುಗಳಿವೆ: ಹಿಮಾಲಯದ ಆ ಪ್ರಾಣಿಯ, ಅಂದರೆ ನ್ಯೂಟ್‌ನ, ಹೆಸರು ಅದಲ್ಲ, ದೇಶದಲ್ಲಿರುವ ಪ್ರಭೇದವೂ ಒಂದೇ ಅಲ್ಲ. ಇದನ್ನು ಗಮನಿಸಿ ಪತ್ರ ಬರೆದ ಓದುಗರಿಗೆ ನಾನು ಋಣಿ. ಬಂದ ಪತ್ರಗಳಲ್ಲಿ ಐದನ್ನು ಆರಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಪ್ರಾಣಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಊರು ಸೋಮವಾರಪೇಟೆ. ಸೇನೆಯಲ್ಲಿದ್ದೇನೆ, ಸದ್ಯ ಡಾರ್ಜಿಲಿಂಗ್ ಕಡೆ ಇದ್ದೇನೆ. ಇಲ್ಲಿನ ಕೊಳವೊಂದರಲ್ಲಿ ನೀವು ಬರೆದ ಪ್ರಾಣಿಯನ್ನು ಕಣ್ಣಾರೆ ಕಂಡೆ. ಕೊಳದ ಪಕ್ಕದ ಫಲಕದಲ್ಲಿ ನೀವು ಕೊಟ್ಟ ಹೆಸರೇ ಇದೆ. ಆದರೆ ಪರಿಚಯದ ಅಧ್ಯಾಪಕರೊಬ್ಬರು ಅದು ಟೈಲೋಟೋಟ್ರೈಟಾನ್ ಹಿಮಾಲಯಾನಸ್ ಎನ್ನುತ್ತಾರೆ. ಯಾವುದು ಸರಿ? ಪ್ರಾಣಿ ಅದೇ ಇರುವಾಗ ಹೆಸರು ಬದಲಾಗುವುದೇಕೆ?

ಉತ್ತರ: ಅಧ್ಯಾಪಕರ ಮಾತು ಸರಿ. ಫಲಕದಲ್ಲಿರುವ ಹೆಸರೂ ಸುಳ್ಳು ಹೆಸರಲ್ಲ. ಅದು ಬೇರೊಂದು ಪ್ರಾಣಿಯದು. ಆ ಪ್ರಾಣಿ ನೀವು ನಿಂತಿದ್ದ ಕೊಳದಿಂದ ಪೂರ್ವಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿ, ಚೀನಾದ ಯುನ್ನಾನ್ ಪ್ರಾಂತ್ಯದ ಪಶ್ಚಿಮದ ಕಣಿವೆಗಳಲ್ಲಿದೆ.

ಈ ಕಥೆ ಶುರುವಾಗುವುದು ಕಲ್ಕತ್ತದಿಂದ. ಅಲ್ಲಿನ ಇಂಡಿಯನ್ ಮ್ಯೂಸಿಯಂನ ಮೊದಲ ಮೇಲ್ವಿಚಾರಕರಾಗಿದ್ದ ಸ್ಕಾಟ್ಲೆಂಡಿನ ಪ್ರಾಣಿವಿಜ್ಞಾನಿ ಜಾನ್ ಆಂಡರ್ಸನ್, 1868ರಲ್ಲಿ ಬರ್ಮಾದ ಭಾಮೋ ಮೂಲಕ ಪಶ್ಚಿಮ ಯುನ್ನಾನಿಗೆ ಹೊರಟ ಬ್ರಿಟಿಷ್ ತಂಡದೊಂದಿಗೆ ವೈದ್ಯರಾಗಿಯೂ ಪ್ರಕೃತಿ ಶೋಧಕರಾಗಿಯೂ ಹೋಗಿದ್ದರು. ತಂಡದ ಉದ್ದೇಶ ವ್ಯಾಪಾರದ ದಾರಿ ಹುಡುಕುವುದು. ಆಂಡರ್ಸನ್ ಅವರ ಕಣ್ಣಿಗೆ ಬಿದ್ದದ್ದು ನಾನ್‌ಟಿನ್, ಮೊಮಿಯೆನ್ ಮತ್ತು ಹೋಥಾ ಕಣಿವೆಗಳ ನೀರಿನಲ್ಲಿದ್ದ, ಮೈತುಂಬ ಗಂಟುಗಳ, ಕಪ್ಪು ಕಂದು ಬಣ್ಣದ ನ್ಯೂಟ್. ಮೊಮಿಯೆನ್ ಎಂದರೆ ಇಂದಿನ ತೆಂಗ್‌ಚೊಂಗ್. ಮೂರು ವರ್ಷಗಳ ನಂತರ, 1871ರಲ್ಲಿ, ಲಂಡನ್ನಿನ ಪ್ರಾಣಿವಿಜ್ಞಾನ ಸಂಘದ ನಡವಳಿ ಪತ್ರಿಕೆಯಲ್ಲಿ ಅವರು ಇದನ್ನು ವರ್ಣಿಸಿ, ಇದಕ್ಕಾಗಿಯೇ ಹೊಸ ಜಾತಿಯೊಂದನ್ನು (ಹತ್ತಿರದ ಪ್ರಭೇದಗಳನ್ನು ಒಟ್ಟುಗೂಡಿಸುವ ಗುಂಪನ್ನು) ಕಟ್ಟಿ, ಟೈಲೋಟೋಟ್ರೈಟಾನ್ ವೆರುಕೋಸಸ್ ಎಂದು ಹೆಸರಿಟ್ಟರು.

ಆಮೇಲೆ ನೇಪಾಳದ ಪೂರ್ವದ ಬೆಟ್ಟಗಳಲ್ಲಿ, ಡಾರ್ಜಿಲಿಂಗಿನಲ್ಲಿ, ಸಿಕ್ಕಿಂ ಮತ್ತು ಭೂತಾನಗಳಲ್ಲಿ, ಮಣಿಪುರದಲ್ಲಿ, ಬರ್ಮಾದ ಶಾನ್ ಪ್ರಸ್ಥಭೂಮಿಯಲ್ಲಿ, ಥಾಯ್ಲೆಂಡಿನ ಉತ್ತರದಲ್ಲಿ, ಲಾವೋಸ್ ಮತ್ತು ವಿಯೆಟ್ನಾಮಿನಲ್ಲಿ ಇಂಥದ್ದೇ ಕಪ್ಪು ಕಂದು ನ್ಯೂಟ್ ಸಿಕ್ಕಾಗಲೆಲ್ಲ ಸಿಕ್ಕವರು ಆಂಡರ್ಸನ್ ಅವರ ಹೆಸರನ್ನೇ ಬರೆದುಕೊಂಡರು. ಹೀಗೆ ಒಂದೇ ಹೆಸರಿನ ನೆರಳು ಹಿಮಾಲಯದಿಂದ ಇಂಡೋಚೀನಾದವರೆಗೆ ಹರಡಿತು. ಅವರನ್ನು ದೂರುವಂತಿಲ್ಲ. ಈ ಪ್ರಾಣಿಗಳು ಹೊರನೋಟಕ್ಕೆ ನಿಜವಾಗಿಯೂ ಒಂದರಂತೆ ಇನ್ನೊಂದಿವೆ, ಅಲ್ಲದೆ ಸ್ಪಿರಿಟ್ ತುಂಬಿದ ಜಾಡಿಯಲ್ಲಿ ಕೆಲವು ವರ್ಷ ಇಟ್ಟರೆ ಇದ್ದ ಬಣ್ಣವೂ ಮಾಸಿಹೋಗುತ್ತದೆ. ಆದರೆ ಸ್ವಲ್ಪ ಯೋಚಿಸಿದರೆ ಸಂಶಯ ಬರಬೇಕಾದ ವಿಷಯವಿದು. ಈ ನ್ಯೂಟ್ ತಂಪಾದ ಬೆಟ್ಟಗಳ ಕೊಳಗಳಲ್ಲಿ ಮೊಟ್ಟೆಯಿಟ್ಟು, ಉಳಿದ ತಿಂಗಳುಗಳನ್ನು ಸಮೀಪದ ಕಲ್ಲು, ಕೊಳೆತ ಮರ, ತರಗೆಲೆಗಳ ಅಡಿಯಲ್ಲಿ ಕಳೆಯುತ್ತದೆ. ಬಿಸಿಯಾದ ಬಯಲುಗಳನ್ನೂ ದೊಡ್ಡ ನದಿಗಳನ್ನೂ ದಾಟಿ ಇನ್ನೊಂದು ಪರ್ವತಕ್ಕೆ ಹೋಗಿ ಸಂಬಂಧ ಬೆಳೆಸುವುದು ಅದರಿಂದ ಆಗುವ ಕೆಲಸವಲ್ಲ. ಅಷ್ಟು ದೂರ ದೂರದ ಬೆಟ್ಟಗಳಲ್ಲಿ ಲಕ್ಷಾಂತರ ವರ್ಷ ಬೇರೆ ಬೇರೆಯಾಗಿ ಉಳಿದವು ಒಂದೇ ಪ್ರಭೇದವಾಗಿ ಉಳಿದಿರುತ್ತವೆಯೇ?

ಸಂಶಯವನ್ನು ಗಟ್ಟಿಯಾಗಿ ಎತ್ತಿದ ಮೊದಲ ಕೆಲಸಗಳಲ್ಲಿ ಒಂದು 1995ರದು. ನಸ್‌ಬಾಮ್, ಬ್ರಾಡಿ ಮತ್ತು ಯಾಂಗ್ ಎಂಬ ಮೂವರು ವೆರುಕೋಸಸ್ ಎಂಬ ಹೆಸರಿನಡಿ ಇದ್ದ ಮಾದರಿಗಳನ್ನು ಮರುಪರಿಶೀಲಿಸಿ, ಯುನ್ನಾನಿನಲ್ಲಿಯೇ ಇರುವ, ತಲೆ ಮತ್ತು ಬೆನ್ನಿನ ಗಂಟುಗಳು ಹೊಳೆಯುವ ಕಿತ್ತಳೆ ಬಣ್ಣದ ನ್ಯೂಟನ್ನು ಬೇರ್ಪಡಿಸಿ, ಅದಕ್ಕೆ ಶಾನ್‌ಜಿಂಗ್ ಎಂದು ಹೆಸರಿಟ್ಟರು. ಡಿಎನ್‌ಎ ಹೋಲಿಕೆ ಸುಲಭವಾದ ಮೇಲೆ ಕೆಲಸ ಬಿರುಸಾಯಿತು. ಥಾಯ್ಲೆಂಡಿನದು 2013ರಲ್ಲಿ ಉಯೆನೋಯ್ ಆಯಿತು, ಶಾನ್ ಪ್ರಸ್ಥಭೂಮಿಯದು 2014ರಲ್ಲಿ ಶಾನೋರಮ್, ಲಾವೋಸಿನದು 2015ರಲ್ಲಿ ಪೋಡಿಕ್ಥಿಸ್, ಬರ್ಮಾದ ಕಚಿನ್ ಪ್ರಾಂತ್ಯದ್ದು 2018ರಲ್ಲಿ ಕಚಿನೋರಮ್. ನಿಮ್ಮ ಕೊಳದ ಪ್ರಾಣಿಯ ಸರದಿ ಬಂದದ್ದು 2015ರಲ್ಲಿ. ನೇಪಾಳ, ಚೀನಾ ಮತ್ತು ಭಾರತದ ಸಂಶೋಧಕರು ಸೇರಿ, ಪೂರ್ವ ನೇಪಾಳದ ಇಲಾಮ್ ಜಿಲ್ಲೆಯ ಮಾಯಿ ಪೋಖರಿ ಎಂಬ ಕೊಳದ ಮಾದರಿಗಳನ್ನು ಅಳೆದು, ಮೈಟೋಕಾಂಡ್ರಿಯಾದ ಡಿಎನ್‌ಎಯನ್ನು ಯುನ್ನಾನಿನವುಗಳ ಜೊತೆ ಹೋಲಿಸಿ, ಹಿಮಾಲಯದ್ದು ಸ್ವತಂತ್ರ ಪ್ರಭೇದ ಎಂದು ತೋರಿಸಿ ಹಿಮಾಲಯಾನಸ್ ಎಂದು ಕರೆದರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಒಂದು ಪ್ರಭೇದ ಹಲವಾಗಿ ಒಡೆದಾಗ ಹಳೆಯ ಹೆಸರು ಯಾರಿಗೆ ಸಲ್ಲಬೇಕು? ಯಾವುದು ಹೆಚ್ಚು ಪ್ರಸಿದ್ಧ, ಯಾವುದು ಹೆಚ್ಚು ಸಂಖ್ಯೆಯಲ್ಲಿದೆ ಎಂಬುದನ್ನು ನಿಯಮ ಕೇಳುವುದಿಲ್ಲ. ಮೊದಲು ಹೆಸರಿಟ್ಟವರು ಯಾವ ಮಾದರಿಯನ್ನು ಮುಂದಿಟ್ಟುಕೊಂಡು ವರ್ಣಿಸಿದರೋ ಆ ಮಾದರಿಗೆ ಹೆಸರು ಶಾಶ್ವತವಾಗಿ ಅಂಟಿಕೊಂಡಿರುತ್ತದೆ. ನಮ್ಮ ಕೂಡುಕುಟುಂಬ ಪಾಲಾದಾಗ ಮನೆತನದ ಹೆಸರು ಮೂಲಮನೆಯಲ್ಲಿ ಉಳಿದವರಿಗೆ ಉಳಿದು, ಗುಡ್ಡದಾಚೆ ಹೊಸ ಮನೆ ಕಟ್ಟಿಕೊಂಡವರನ್ನು ಊರವರು ಬೇರೆ ಹೆಸರಿನಿಂದ ಕರೆಯತೊಡಗುವಂತೆ ಇದು. ಆಂಡರ್ಸನ್ ಅವರ ಮೂಲಮನೆ ಯುನ್ನಾನಿನಲ್ಲಿದೆ, ಆದ್ದರಿಂದ ವೆರುಕೋಸಸ್ ಎಂಬ ಹೆಸರು ಅಲ್ಲಿಯೇ ಉಳಿಯಿತು. ಅದರ ಈಗಿನ ಹರವು ಪಶ್ಚಿಮ ಯುನ್ನಾನ್ ಮತ್ತು ಅದಕ್ಕೆ ಹೊಂದಿಕೊಂಡ ಬರ್ಮಾದ ಉತ್ತರ ಭಾಗ ಎಂದು ಹೇಳಬಹುದು. ಪೂರ್ವ ನೇಪಾಳ, ಡಾರ್ಜಿಲಿಂಗ್, ಸಿಕ್ಕಿಂ, ಭೂತಾನಗಳದ್ದು ಹಿಮಾಲಯಾನಸ್. ಮಣಿಪುರದ್ದು ಇವೆರಡೂ ಅಲ್ಲ ಎಂದು ತೋರಿಸಿ, ಅಲ್ಲಿನ ಜೈಮೆಂಗ್ ಸರೋವರದ ಹೆಸರಿನಿಂದ 2023ರಲ್ಲಿ ಟೈಲೋಟೋಟ್ರೈಟಾನ್ ಜೈಮೆಂಗ್ ಎಂಬ ಇನ್ನೊಂದು ಪ್ರಭೇದವನ್ನು ವರ್ಣಿಸಿದ್ದಾರೆ. ನಮ್ಮ ದೇಶದಲ್ಲಿ ಒಂದೇ ಒಂದು ಎಂದ ನನ್ನ ಮಾತು ಅಲ್ಲಿಗೂ ಬಿದ್ದುಹೋಯಿತು.

ಇಂಥ ಒಡೆತಗಳೆಲ್ಲವೂ ಕಡೆಯವರೆಗೆ ನಿಲ್ಲುತ್ತವೆ ಎಂದು ತಿಳಿಯಬಾರದು. ಕಿತ್ತಳೆ ಗಂಟುಗಳ ಶಾನ್‌ಜಿಂಗ್ ಮತ್ತು ಕಂದು ವೆರುಕೋಸಸ್ ನಡುವೆ ಡಿಎನ್‌ಎ ಅಂತರ ತೀರ ಕಡಿಮೆ ಎಂದು ಮುಂದೆ ತಿಳಿದುಬಂದು, ಅವೆರಡೂ ಒಂದೇ ಪ್ರಭೇದದ ಬಣ್ಣಭೇದಗಳೇ ಎಂಬ ಚರ್ಚೆ ನಡೆದಿದೆ. ಕಣ್ಣಿಗೆ ಅಷ್ಟು ಬೇರೆಯಾಗಿ ಕಾಣುವವು ಒಂದೇ ಆಗಿರಬಹುದು, ಒಂದೇ ಅಚ್ಚಿನಂತೆ ಕಾಣುವ ಡಾರ್ಜಿಲಿಂಗ್ ಮತ್ತು ಯುನ್ನಾನಿನವು ಬೇರೆಯಾಗಿರಬಹುದು. ಈ ಜಾತಿಯ ಅಧ್ಯಯನದಲ್ಲಿ ನನಗೆ ಅತ್ಯಂತ ಆಸಕ್ತಿಯ ಸಂಗತಿ ಇದೇ.

ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಅದೇ ಬೆಟ್ಟಸಾಲಿನಲ್ಲಿ ಒಂದು ಜೂನ್ ತಿಂಗಳ ಬೆಳಗು. ಧೂಪಿ ಮರಗಳ ನಡುವಿನ ಸಣ್ಣ ಕೊಳ, ನೀರಿನ ಮೇಲೆ ಮಂಜು, ದಂಡೆಯ ಹುಲ್ಲಿನಲ್ಲಿ ಜಿಗಣೆ. ಅರ್ಧ ಗಂಟೆ ಕೂತ ಮೇಲೆ, ಕೆಸರಿನ ಬಣ್ಣದ್ದೇ ಆದ ಒಂದು ಅಗಲವಾದ ತಲೆ ತಳದಿಂದ ನಿಧಾನಕ್ಕೆ ಮೇಲೇರಿ, ಮೂತಿಯ ತುದಿಯನ್ನಷ್ಟೇ ನೀರಿನಿಂದ ಹೊರಗೆ ತೂರಿ ಒಂದು ಗುಟುಕು ಗಾಳಿ ನುಂಗಿ, ಬಾಲವನ್ನು ಎರಡು ಸಲ ಬಳುಕಿಸಿ ಮತ್ತೆ ಕೆಳಗಿಳಿಯಿತು. ಅದು ಹೋದ ಜಾಗದಲ್ಲಿ ಎರಡು ಮೂರು ಗುಳ್ಳೆಗಳು ಉಳಿದವು. ಆ ಕ್ಷಣದಲ್ಲಿ ಬೆನ್ನಿನ ನಡುವಿನ ಏಣು, ಅದರ ಎರಡೂ ಪಕ್ಕ ಸಾಲಾಗಿ ಪೋಣಿಸಿದಂತಿದ್ದ ಗಂಟುಗಳು ಸ್ಪಷ್ಟವಾಗಿ ಕಂಡವು. ಪಕ್ಕದಲ್ಲಿದ್ದ ಸ್ಥಳೀಯ ಹುಡುಗ ‘ಮಳೆ ಹಿಡಿದ ಮೇಲೆ ಬಂದಿವೆ, ಚಳಿ ಶುರುವಾದರೆ ಒಂದೂ ಇರುವುದಿಲ್ಲ’ ಎಂದ. ಅವನ ಲೆಕ್ಕ ಸರಿಯಾಗಿತ್ತು. ಬೇಸಿಗೆಯ ಕೊನೆಯ ಮಳೆಗೆ ನೀರಿಗಿಳಿದು, ಜಲಸಸ್ಯಗಳಿಗೆ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಅಂಟಿಸಿ, ಮಳೆಗಾಲ ಮುಗಿಯುವ ಹೊತ್ತಿಗೆ ಅವು ನೆಲಕ್ಕೆ ಮರಳುತ್ತವೆ.

ಹೆಸರಿನ ಬದಲಾವಣೆ ಕಾಗದದ ಮೇಲಿನ ತಿದ್ದುಪಡಿ ಮಾತ್ರ ಎಂದು ಕೆಲವರು ಭಾವಿಸುತ್ತಾರೆ. ನಾನು ಒಪ್ಪುವುದಿಲ್ಲ. ನೇಪಾಳದಿಂದ ವಿಯೆಟ್ನಾಮಿನವರೆಗೆ ಹರಡಿದ ಪ್ರಾಣಿ ಎಂದು ನಂಬಿದ್ದಾಗ ಡಾರ್ಜಿಲಿಂಗಿನ ಒಂದು ಕೊಳಕ್ಕೆ ಸಿಮೆಂಟಿನ ದಂಡೆ ಕಟ್ಟಿದರೆ, ಮೀನು ತಂದು ಬಿಟ್ಟರೆ ಅದು ಸಣ್ಣ ನಷ್ಟವೆನಿಸುತ್ತಿತ್ತು. ಹರವು ಹಿಮಾಲಯದ ಪೂರ್ವದ ಒಂದು ತುಣುಕಿಗೆ ಇಳಿದ ಮೇಲೆ ಅದೇ ಕೊಳದ ಲೆಕ್ಕ ಬೇರೆಯಾಗುತ್ತದೆ. ನೀವಿರುವ ಕಡೆ, ಸುಖಿಯಾಪೋಖ್ರಿಯ ಹತ್ತಿರ, ಈ ಪ್ರಾಣಿಗಾಗಿಯೇ ಮೀಸಲಾದ ಜೋಡಿಕೊಳಗಳ ಜೋರೇಪೋಖ್ರಿ ಅಭಯಾರಣ್ಯವಿದೆ. ಅದರ ಒಟ್ಟು ವಿಸ್ತೀರ್ಣ 0.04 ಚದರ ಕಿಲೋಮೀಟರ್, ಅಂದರೆ ಹತ್ತು ಎಕರೆಯಷ್ಟು. ಮಲೆನಾಡಿನ ಒಂದು ಹದವಾದ ಅಡಿಕೆ ತೋಟದ ಅಳತೆಯದು. ಬಿಡುವಾದಾಗ ಹೋಗಿ ನೋಡಿ ಬನ್ನಿ, ಫಲಕದ ಹೆಸರನ್ನು ತಿದ್ದುವಂತೆ ನಿಮ್ಮ ಕೊಳದ ಸಂಬಂಧಪಟ್ಟವರಿಗೆ ಒಂದು ವಿನಂತಿಪತ್ರವನ್ನೂ ಬರೆಯಿರಿ.

ಪ್ರಶ್ನೆ: ಎಂಟನೆಯ ತರಗತಿಯ ಮಕ್ಕಳಿಗೆ ಉಭಯವಾಸಿಗಳ ಪಾಠ ಮಾಡುವಾಗ ನ್ಯೂಟ್ ಮತ್ತು ಸಲಮಾಂಡರ್ ಎರಡೂ ಹೆಸರು ಬರುತ್ತವೆ. ಇವೆರಡೂ ಒಂದೆಯೇ? ವರ್ಗೀಕರಣದಲ್ಲಿ ಇವುಗಳ ಸ್ಥಾನ ಎಲ್ಲಿ? (ಶಿಕ್ಷಕಿ, ಹೊಸನಗರ)

ಉತ್ತರ: ನ್ಯೂಟ್‌ಗಳೆಲ್ಲ ಸಲಮಾಂಡರ್‌ಗಳು, ಸಲಮಾಂಡರ್‌ಗಳೆಲ್ಲ ನ್ಯೂಟ್‌ಗಳಲ್ಲ. ಉಭಯವಾಸಿಗಳ ವರ್ಗದಲ್ಲಿ ಇಂದು ಬದುಕಿರುವ ಗಣಗಳು ಮೂರು: ಬಾಲವಿಲ್ಲದ ಕಪ್ಪೆ ನೆಲಗಪ್ಪೆಗಳದ್ದು, ಕಾಲಿಲ್ಲದ ಸಿಸಿಲಿಯನ್‌ಗಳದ್ದು, ಬಾಲವುಳ್ಳ ಸಲಮಾಂಡರ್‌ಗಳದ್ದು. ಮೂರನೆಯ ಗಣದ ಒಳಗೆ ಸಲಮಾಂಡ್ರಿಡೇ ಎಂಬ ಕುಟುಂಬವಿದೆ, ಅದರಲ್ಲಿ ಪ್ಲೂರೋಡಿಲಿನೇ ಎಂಬ ಉಪಕುಟುಂಬಕ್ಕೆ ಸೇರಿದವನ್ನು ನ್ಯೂಟ್ ಎಂದು ಕರೆಯುವುದು ರೂಢಿ. ಇವುಗಳಲ್ಲಿ ಬಹುಪಾಲು ಪ್ರತಿ ವರ್ಷ ಮರಿಗಾಗಿ ನೀರಿಗೆ ಮರಳುತ್ತವೆ, ಚರ್ಮ ಸಾಮಾನ್ಯವಾಗಿ ಒರಟಾಗಿರುತ್ತದೆ. ಚೀನಾದ ದೈತ್ಯ ಸಲಮಾಂಡರ್ ಒಂದೂವರೆ ಮೀಟರಿಗಿಂತಲೂ ಉದ್ದ ಬೆಳೆಯಬಲ್ಲದು, ಅದು ಬೇರೆಯೇ ಕುಟುಂಬದ್ದು, ಅದನ್ನು ಯಾರೂ ನ್ಯೂಟ್ ಎನ್ನುವುದಿಲ್ಲ.

ಟೈಲೋಟೋಟ್ರೈಟಾನ್ ಜಾತಿಯಲ್ಲಿ ಈಗ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿವೆ, ಎಲ್ಲವೂ ಏಷ್ಯಾದವು. ಬೆನ್ನಿನ ಗಂಟುಸಾಲು ಮೊಸಳೆಯ ಮೈಯನ್ನು ನೆನಪಿಸುವುದರಿಂದ ಇವುಗಳನ್ನು ಒಟ್ಟಾಗಿ ಮೊಸಳೆ ನ್ಯೂಟ್ ಎಂದು ಕರೆಯುತ್ತಾರೆ. ಮಕ್ಕಳಿಗೆ ಹೇಳಲು ಒಂದು ಸೊಗಸಾದ ವಿಷಯವಿದೆ. ಈ ಜಾತಿಯ ಅತಿ ಹತ್ತಿರದ ಬಂಧುಗಳು ಎರಡು. ಒಂದು, ಜಪಾನಿನ ದಕ್ಷಿಣದ ದ್ವೀಪಗಳಲ್ಲೂ ಚೀನಾದಲ್ಲೂ ಇರುವ ಎಕೈನೋಟ್ರೈಟಾನ್. ಇನ್ನೊಂದು ಪ್ಲೂರೋಡಿಲಿಸ್, ಅದು ಇರುವುದು ಸ್ಪೇನ್, ಪೋರ್ಚುಗಲ್ ಮತ್ತು ಉತ್ತರ ಆಫ್ರಿಕದಲ್ಲಿ! ಭೂಪಟ ಬಿಡಿಸಿ ಡಾರ್ಜಿಲಿಂಗ್, ಓಕಿನಾವಾ, ಮೊರಾಕ್ಕೋ ಮೂರಕ್ಕೂ ಚುಕ್ಕೆ ಇಡಿಸಿ. ಒಂದು ಕಾಲಕ್ಕೆ ಯುರೇಷ್ಯಾದ ಉದ್ದಕ್ಕೂ ಹರಡಿದ್ದ ಒಂದು ವಂಶದ ಉಳಿದ ತುದಿಗಳು ಇವು. ವೈರಿ ಹಿಡಿದಾಗ ಪಕ್ಕೆಲುಬಿನ ಚೂಪು ತುದಿಗಳನ್ನೇ ಚರ್ಮದಿಂದ ಹೊರಗೆ ಚುಚ್ಚಿ ತನ್ನನ್ನು ಕಾಪಾಡಿಕೊಳ್ಳುವ ಉಪಾಯ ಎಕೈನೋಟ್ರೈಟಾನ್ ಮತ್ತು ಪ್ಲೂರೋಡಿಲಿಸ್ ಎರಡರಲ್ಲೂ ಇದೆ. ಡಾರ್ಜಿಲಿಂಗಿನ ನ್ಯೂಟ್‌ನ ಬೆನ್ನಿನಲ್ಲಿ ಕಾಣುವ ಗಂಟುಸಾಲೂ ಪಕ್ಕೆಲುಬುಗಳ ತುದಿಯ ಮೇಲೆಯೇ ಕೂತಿದೆ ಎಂಬುದನ್ನು ಹೇಳಿದರೆ ಬಂಧುತ್ವ ಅವರಿಗೆ ಮನದಟ್ಟಾಗುತ್ತದೆ.

ಪ್ರಶ್ನೆ: ಈ ಉದ್ದನೆಯ ಹೆಸರಿನ ಅರ್ಥವೇನು? ಹೆಸರಿನ ಮುಂದೆ ‘ಆಂಡರ್ಸನ್, 1871’ ಎಂದು ಬರೆಯುತ್ತಾರೆ. ಕೆಲವೊಮ್ಮೆ ಅದು ಆವರಣದೊಳಗೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ, ಏಕೆ? (ಪದವಿ ವಿದ್ಯಾರ್ಥಿ, ಧಾರವಾಡ)

ಉತ್ತರ: ಗ್ರೀಕಿನಲ್ಲಿ ‘ಟೈಲೋಸ್’ ಎಂದರೆ ಗಂಟು, ಜಡ್ಡುಗಟ್ಟಿದ ಉಬ್ಬು. ಟ್ರೈಟಾನ್ ಎಂಬುದು ಗ್ರೀಕ್ ಪುರಾಣದ ಸಮುದ್ರದೇವತೆಯ ಹೆಸರು, ನ್ಯೂಟ್‌ಗಳಿಗೆ ಹಿಂದೆ ಆ ಹೆಸರನ್ನೇ ಬಳಸುತ್ತಿದ್ದರು. ಲ್ಯಾಟಿನ್ನಿನ ‘ವೆರುಕೋಸಸ್’ ಎಂದರೆ ನರಹುಲಿಗಳಿಂದ ತುಂಬಿದ್ದು. ಒಟ್ಟಿನಲ್ಲಿ ‘ನರಹುಲಿ ತುಂಬಿದ ಗಂಟುಮೈಯ ನ್ಯೂಟ್’. ಆಂಡರ್ಸನ್ ಒಂದೇ ಲಕ್ಷಣವನ್ನು ಎರಡು ಭಾಷೆಗಳಲ್ಲಿ ಎರಡು ಸಲ ಹೇಳಿದ್ದಾರೆ.

ಹೆಸರಿನ ಮುಂದಿನ ವ್ಯಕ್ತಿ ಮತ್ತು ವರ್ಷ, ಆ ಪ್ರಭೇದವನ್ನು ಮೊದಲು ವರ್ಣಿಸಿದವರು ಯಾರು, ಯಾವಾಗ ಎಂಬುದನ್ನು ತಿಳಿಸುತ್ತವೆ. ಅವರು ಇಟ್ಟ ಜಾತಿಯಲ್ಲಿಯೇ ಪ್ರಭೇದ ಇಂದಿಗೂ ಇದ್ದರೆ ಆವರಣ ಬೇಡ, ಮುಂದೆ ಬೇರೆ ಜಾತಿಗೆ ಸೇರಿಸಿದ್ದರೆ ಆವರಣ ಬೇಕು. ಓಕಿನಾವಾದ ನ್ಯೂಟನ್ನು ಬೂಲಂಜೆ 1892ರಲ್ಲಿ ಟೈಲೋಟೋಟ್ರೈಟಾನ್ ಆಂಡರ್ಸನೈ ಎಂದು ವರ್ಣಿಸಿದರು. 1982ರಲ್ಲಿ ನಸ್‌ಬಾಮ್ ಮತ್ತು ಬ್ರಾಡಿ ಎಕೈನೋಟ್ರೈಟಾನ್ ಎಂಬ ಹೊಸ ಜಾತಿ ಕಟ್ಟಿ ಅದನ್ನು ಅಲ್ಲಿಗೆ ಸೇರಿಸಿದರು. ಹಾಗಾಗಿ ಈಗ ಬರೆಯುವ ಕ್ರಮ ಎಕೈನೋಟ್ರೈಟಾನ್ ಆಂಡರ್ಸನೈ (ಬೂಲಂಜೆ, 1892). ಹೆಸರನ್ನು ಮರುವರ್ಗೀಕರಿಸಿದವರಿಗಿಂತ ಮೊದಲು ವರ್ಣಿಸಿದವರಿಗೇ ಮನ್ನಣೆ ಉಳಿಯುತ್ತದೆ ಎಂಬುದನ್ನು ಗಮನಿಸಿ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಪ್ರಶ್ನೆ: ನಮ್ಮ ಬಚ್ಚಲುಮನೆಯ ಹಿಂದೆ, ಒದ್ದೆ ಕಲ್ಲಿನ ಸಂದಿಯಲ್ಲಿ, ನುಣುಪಾದ ಮೈ ಮತ್ತು ಕೆಂಪು ಬಾಲದ ಸಣ್ಣ ಪ್ರಾಣಿಯೊಂದು ಕಾಣಿಸಿತು. ಇದು ನ್ಯೂಟ್ ಇರಬಹುದೇ? ಸಹ್ಯಾದ್ರಿಯಲ್ಲಿ ಇಷ್ಟು ನೀರು, ಕಾಡು, ತಂಪು ಇದ್ದೂ ಅವು ಇಲ್ಲವೆಂದರೆ ಕಾರಣವೇನು? (ಗೃಹಿಣಿ, ಶಿರಸಿ ತಾಲ್ಲೂಕು)

ಉತ್ತರ: ನೀವು ಕಂಡದ್ದು ಹಾವುರಾಣಿಯ ಮರಿ. ಕೆಲವು ಹಾವುರಾಣಿಗಳ ಮರಿಗಳಿಗೆ ಎಳವೆಯಲ್ಲಿ ಬಾಲ ಹೊಳೆಯುವ ಕೆಂಪಾಗಿರುತ್ತದೆ, ಬೆಳೆದಂತೆ ಬಣ್ಣ ಮಾಸುತ್ತದೆ. ಮತ್ತೆ ಕಂಡರೆ ಹತ್ತಿರದಿಂದ ನೋಡಿ: ಮೈಮೇಲೆ ಒಂದರ ಮೇಲೊಂದು ಜೋಡಿಸಿದ ಹೊಳಪಿನ ಚಿಕ್ಕ ಹುರುಪೆಗಳು, ಬೆರಳ ತುದಿಗೆ ಉಗುರು, ತಲೆಯ ಪಕ್ಕದಲ್ಲಿ ಕಿವಿಯ ರಂಧ್ರ ಕಾಣುತ್ತವೆ. ನ್ಯೂಟ್‌ಗೆ ಹುರುಪೆಯೂ ಇಲ್ಲ, ಉಗುರೂ ಇಲ್ಲ, ಕಿವಿಯ ರಂಧ್ರವೂ ಇಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಹಾವುರಾಣಿ ಸರ್ರನೆ ಓಡಿ ಮರೆಯಾಗುತ್ತದೆ, ನ್ಯೂಟ್ ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ನಿಂತು ಯೋಚಿಸುವಂತೆ ನಡೆಯುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ನೀರು, ತಂಪುಗಳಲ್ಲಿ ಸಿಗುವುದಿಲ್ಲ, ಭೂಖಂಡಗಳ ಚರಿತ್ರೆಯಲ್ಲಿ ಸಿಗುತ್ತದೆ. ಸಲಮಾಂಡರ್‌ಗಳು ಉತ್ತರದ ಭೂಭಾಗಗಳಲ್ಲಿ ಹುಟ್ಟಿ ಬೆಳೆದ ಗಣ. ನಮ್ಮ ಪರ್ಯಾಯ ದ್ವೀಪ ದಕ್ಷಿಣದ ಗೊಂಡ್ವಾನಾ ಭೂಖಂಡದಿಂದ ಕಳಚಿಕೊಂಡು, ಕೋಟ್ಯಂತರ ವರ್ಷ ಸಮುದ್ರದ ನಡುವೆ ಒಂಟಿಯಾಗಿ ತೇಲುತ್ತ ಬಂದು ಏಷ್ಯಾಕ್ಕೆ ಸೇರಿದ್ದು. ಬರುವಾಗ ಅದು ಕಪ್ಪೆಗಳನ್ನೂ ಸಿಸಿಲಿಯನ್‌ಗಳನ್ನೂ ಹೊತ್ತು ತಂದಿತು. 2003ರಲ್ಲಿ ವರ್ಣಿಸಲಾದ, ಹಂದಿಮೂತಿಯ ನಾಸಿಕಬಟ್ರಾಕಸ್ ಎಂಬ ಪಶ್ಚಿಮ ಘಟ್ಟದ ಕಪ್ಪೆ ಆ ಪಯಣಿಗರ ಪೈಕಿ ಒಂದು, ಅದರ ಹತ್ತಿರದ ಬಂಧುಗಳು ಇಂದು ಇರುವುದು ಸೆಶೆಲ್ಸ್ ದ್ವೀಪಗಳಲ್ಲಿ. ಸಲಮಾಂಡರ್ ಮಾತ್ರ ಆ ಹಡಗಿನಲ್ಲಿ ಇರಲಿಲ್ಲ. ಹಿಮಾಲಯ ಎದ್ದು ನಿಂತ ಮೇಲೆ ಪೂರ್ವದ ಕಡೆಯಿಂದ ಬೆಟ್ಟದ ತಂಪನ್ನು ಹಿಡಿದು ಬಂದ ಒಂದು ಕವಲು ಡಾರ್ಜಿಲಿಂಗ್, ನೇಪಾಳಗಳವರೆಗೆ ತಲುಪಿತು. ಅಲ್ಲಿಂದ ಸಹ್ಯಾದ್ರಿಗೆ ಬರಬೇಕಾದರೆ ಗಂಗೆಯ ಬಯಲನ್ನೂ ದಖನ್ನಿನ ಒಣನೆಲವನ್ನೂ ದಾಟಬೇಕಿತ್ತು.

ನಿಮ್ಮ ತೋಟದಲ್ಲಿ ಹುಡುಕಬೇಕಾದ ಅಪರೂಪದ ಉಭಯವಾಸಿ ಸಿಸಿಲಿಯನ್. ಅಡಿಕೆ ತೋಟದ ಬಸಿಗಾಲುವೆಯ ಮಣ್ಣು ಎತ್ತುವಾಗ, ಗೊಬ್ಬರಗುಂಡಿಯ ಅಂಚು ಕೆದಕುವಾಗ ಎರೆಹುಳುವಿನಂತೆ ಉಂಗುರ ಉಂಗುರವಾದ, ಆದರೆ ದವಡೆ ಹಲ್ಲುಗಳಿರುವ ಪ್ರಾಣಿ ಸಿಕ್ಕರೆ ಹಾವಿನ ಮರಿಯೆಂದು ಹೊಡೆಯದೆ ಮಣ್ಣಿಗೆ ಮರಳಿ ಬಿಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಅಕ್ವೇರಿಯಂ ಇಟ್ಟಿದ್ದೇನೆ. ಹಿಮಾಲಯದ ನ್ಯೂಟ್ ಸಾಕಬಹುದೇ?

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿ ‘ಹಿಮಾಲಯದ ನ್ಯೂಟ್ ಅಥವಾ ಸಲಮಾಂಡರ್’ ಎಂದು ಈ ಪ್ರಾಣಿಯನ್ನು ಹೆಸರಿಸಿಯೇ ಸೇರಿಸಲಾಗಿತ್ತು, ಹಿಡಿಯುವುದೂ ಮಾರುವುದೂ ಅಪರಾಧ. ಅಲ್ಲಿ ಕೊಟ್ಟಿದ್ದ ವೈಜ್ಞಾನಿಕ ಹೆಸರು ವೆರುಕೋಸಸ್ ಆದ್ದರಿಂದ ಹಿಮಾಲಯಾನಸ್‌ಗೆ ಕಾನೂನು ಅನ್ವಯಿಸದು ಎಂದು ಯಾರಾದರೂ ಮಾರಾಟಗಾರರು ಹೇಳಿದರೆ ನಂಬಬೇಡಿ. 2019ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದ್ದ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ದೇಶಗಳು ಟೈಲೋಟೋಟ್ರೈಟಾನ್ ಜಾತಿಯನ್ನು ಇಡಿಯಾಗಿ ಎರಡನೆಯ ಅನುಬಂಧಕ್ಕೆ ಸೇರಿಸಿ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ ಮಾಡಿದವು. ಪ್ರಭೇದದ ಹೆಸರು ಹಿಡಿದು ಬರೆಯದೆ ಜಾತಿಯ ಹೆಸರು ಹಿಡಿದು ಬರೆದದ್ದು ಒಳ್ಳೆಯದಾಯಿತು: ಮುಂದೆ ಇನ್ನಷ್ಟು ಪ್ರಭೇದಗಳು ಒಡೆದು ಬೇರೆಯಾದರೂ ಅವೆಲ್ಲ ಹುಟ್ಟುವಾಗಲೇ ಆ ಪಟ್ಟಿಯೊಳಗೆ ಇರುತ್ತವೆ. 2023ರಲ್ಲಿ ಹೆಸರು ಪಡೆದ ಮಣಿಪುರದ ಜೈಮೆಂಗ್ ಹಾಗೆಯೇ ಒಳಗೆ ಬಂದಿತು.